ಪ್ಲೇಟ್‌ಲೆಟ್ ಕಡಿಮೆ, ಕಾರಣ ಯಾವುದು?

ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುತ್ತದೆ, ಮೂಗಿನಿಂದ ಆಗಾಗ ರಕ್ತ ಬರುತ್ತದೆ. ಪರೀಕ್ಷೆ ಮಾಡಿಸಿದರೆ ಪ್ಲೇಟ್‌ಲೆಟ್ ಕಡಿಮೆ. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಈ ಕಿರುಬಿಲ್ಲೆಗಳು ಸುಮಾರು 1.5ರಿಂದ 4.5 ಲಕ್ಷ ಇರಬೇಕು. ಕಡಿಮೆಯಾದಾಗ, ದೇಹದ ರಕ್ಷಣಾ ವ್ಯವಸ್ಥೆಯೇ ಅವನ್ನು ನಾಶಮಾಡುವ ಐ.ಟಿ.ಪಿ. ರೋಗವೆಂದು ಶಂಕಿಸಿ ಸ್ಟೀರಾಯ್ಡ್ ಕೊಡುವುದುಂಟು. ಗುಣ ಕಾಣದಿದ್ದರೆ ಕೆಲವೊಮ್ಮೆ ಗುಲ್ಮವನ್ನೇ ತೆಗೆಯುತ್ತಾರೆ.

ರೋಗ ಅದಲ್ಲದಿದ್ದರೆ? 1948ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ವರ್ಣಿಸಿದ ಬರ್ನಾರ್-ಸೂಲಿಯೆ ಸಿಂಡ್ರೋಮ್ ಬಲು ಅಪರೂಪದ ಆನುವಂಶಿಕ ರೋಗ. ಗಾಯದ ಜಾಗಕ್ಕೆ ಬಿಲ್ಲೆಗಳನ್ನು ಅಂಟಿಸುವ ಪ್ರೋಟೀನಿನಲ್ಲಿಯೇ ಇಲ್ಲಿ ದೋಷ. ಬಿಲ್ಲೆಗಳ ಸಂಖ್ಯೆ ಕಡಿಮೆ, ಗಾತ್ರ ಮಾತ್ರ ದೊಡ್ಡದು. ಕೆಲವು ಕೆಂಪು ರಕ್ತಕಣದಷ್ಟು! ಗಾತ್ರ ನೋಡಿ ಎಣಿಸುವ ಯಂತ್ರ ಇವನ್ನು ಲೆಕ್ಕಕ್ಕೇ ಹಿಡಿಯದಿರಬಹುದು. ಗಾಜಿನ ಪಟ್ಟಿಯ ಮೇಲೆ ಹನಿ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುತ್ತವೆ. ಕಾಲೇಜಿನಲ್ಲಿ ನಾವು ಆಕಳಿಸುತ್ತ ಮಾಡಿದ ಪ್ರಯೋಗವೇ ಇದು.

ರಕ್ತರೋಗ ತಜ್ಞರ ಎರಡನೆಯ ಅಭಿಪ್ರಾಯ ಬೇಕಾಗುವುದು ಇಂಥಲ್ಲಿ. ಇದು ಮೊದಲ ವೈದ್ಯರಿಗೆ ಮಾಡುವ ಅವಮಾನವಲ್ಲ. ಅವರಿಂದಲೇ ಪತ್ರ ಬರೆಸಿಕೊಳ್ಳಬಹುದು. ಹಳೆಯ ವರದಿಗಳನ್ನೆಲ್ಲ ಒಯ್ಯಿರಿ. ಬಾಲ್ಯದಲ್ಲೂ ಎಣಿಕೆ ಕಡಿಮೆಯಿತ್ತೆಂದರೆ ಅದೇ ದೊಡ್ಡ ಸುಳಿವು. ತಂದೆ-ತಾಯಿ ರಕ್ತಸಂಬಂಧಿಗಳೇ ಎಂದು ಕೇಳಿದರೆ ಮುಜುಗರ ಬೇಡ. ಸೋದರಮಾವನನ್ನು ಮದುವೆಯಾಗುವ ರೂಢಿಯಿರುವ ನಮ್ಮಲ್ಲಿ ಅದು ಕೇಳಲೇಬೇಕಾದ ಪ್ರಶ್ನೆ. ದೋಷವುಳ್ಳ ಜೀನ್ ಸಾಮಾನ್ಯವಾಗಿ ಇಬ್ಬರಿಂದಲೂ ಬಂದಾಗ ಈ ರೋಗ ತೋರುತ್ತದೆ. ಪ್ರೋಟೀನಿನ ಕೊರತೆಯನ್ನು ಫ್ಲೋ ಸೈಟೋಮೆಟ್ರಿ ಪರೀಕ್ಷೆ ತೋರಿಸಿಕೊಡುತ್ತದೆ.

ಈ ರೋಗಕ್ಕೆ ಸ್ಟೀರಾಯ್ಡ್ ನಾಟುವುದಿಲ್ಲ. ಹಾಗೆಂದು ವೈದ್ಯರನ್ನು ಕೇಳದೆ ಥಟ್ಟನೆ ನಿಲ್ಲಿಸಬಾರದು. ಆಸ್ಪಿರಿನ್ ಕೂಡದು. ಹಲ್ಲು ಕೀಳಿಸುವ ಮೊದಲು ದಂತವೈದ್ಯರಿಗೂ ರೋಗದ ಹೆಸರು ತಿಳಿಸಬೇಕು.