ಕೊಸರಾಗಿ ಬಂದ ಗಾನಮುದ್ರಿಕೆ

ಸಂತೆಯಲ್ಲಿ ಕೊಸರು ಕೇಳುವುದು ಕೊಳ್ಳುವವರ ಹಕ್ಕು. ಸರಕು ತಯಾರಿಸಿದವನೇ ಮುಂದಾಗಿ, ಕೊಳ್ಳುವವರಿಗೆ ಇನ್ನಷ್ಟು ಕೊಡಬೇಕೆಂದು ಅಂಗಡಿಯ ಧಣಿಯೊಡನೆ ಚೌಕಾಸಿಗೆ ನಿಂತದ್ದುಂಟೆ? 1979ರಲ್ಲಿ ಲಂಡನ್ನಿನ ನಾಲ್ವರು ತರುಣ ಸಂಗೀತಗಾರರು ಹಾಗೆಯೇ ನಿಂತರು. ಅವರ ಹಠದ ಫಲವೇ 'ಲಂಡನ್ ಕಾಲಿಂಗ್' ಎಂಬ ಜೋಡಿ ಗಾನಮುದ್ರಿಕೆ.

ಈ ನಾಲ್ವರ ತಂಡದ ಹೆಸರು 'ದಿ ಕ್ಲ್ಯಾಷ್'. ಜೋ ಸ್ಟ್ರಮ್ಮರ್ ಮತ್ತು ಮಿಕ್ ಜೋನ್ಸ್ ಹಾಡು ಕಟ್ಟುವವರು. ಪಾಲ್ ಸಿಮೊನಾನ್ ಬಾಸ್ ಗಿಟಾರಿನವನು. ಟಾಪರ್ ಹೆಡನ್ ಡ್ರಮ್ ನುಡಿಸುವವನು. ವಿದೇಶಾಂಗ ಇಲಾಖೆಯಲ್ಲಿದ್ದ ಸ್ಟ್ರಮ್ಮರನ ತಂದೆ ಹುಟ್ಟಿದ್ದು ನಮ್ಮ ಲಖನೌದಲ್ಲಿ. ಇವರು ಹಾಡುತ್ತಿದ್ದುದು ಪಂಕ್ ರಾಕ್. ಕೆಲವೇ ಸ್ವರಗಳು, ಪುಟ್ಟ ಹಾಡು, ಕಂಠ ಬಿರಿಯುವ ಕೂಗು; ಕೆಲಸವಿಲ್ಲದೆ ಬೇಸತ್ತ ಯುವಜನರ ಸಿಟ್ಟೇ ಅದರ ಬಂಡವಾಳ. 1977ರಲ್ಲಿ ಸಿ.ಬಿ.ಎಸ್. ಕಂಪೆನಿ ಇವರೊಡನೆ 1,00,000 ಪೌಂಡುಗಳ ಒಪ್ಪಂದ ಮಾಡಿಕೊಂಡಾಗ, ಬಡವರ ಪರವಾಗಿ ಹಾಡುವವರು ಹಣಕ್ಕೆ ಮಾರಿಹೋದರೆಂಬ ಅಪವಾದ ಹಬ್ಬಿತು. ಆ ಮಾತಿಗೆ ಉತ್ತರ ಕೊಡಬೇಕಾಗಿತ್ತು.

1979ರ ಬೇಸಗೆಯಲ್ಲಿ ಪಿಮ್ಲಿಕೋ ಬಡಾವಣೆಯ ಒಂದು ಕೋಣೆಯಲ್ಲಿ ಅಭ್ಯಾಸ ಆರಂಭವಾಯಿತು. ನಡುನಡುವೆ ಎದುರಿನ ಮೈದಾನದಲ್ಲಿ ಕಾಲ್ಚೆಂಡಾಟ. ಮುದ್ರಣ ನಡೆದದ್ದು ಹೈಬರಿಯ ವೆಸೆಕ್ಸ್ ಸ್ಟುಡಿಯೋದಲ್ಲಿ. ನಿರ್ಮಾಪಕ ಗೈ ಸ್ಟೀವನ್ಸನದು ವಿಚಿತ್ರ ಪದ್ಧತಿ: ಹಾಡಿಗೆ ಕಾವೇರಲೆಂದು ಆತ ಕುರ್ಚಿಗಳನ್ನು ಎಸೆಯುತ್ತಿದ್ದ, ಏಣಿಯನ್ನು ಬೀಸುತ್ತಿದ್ದ! ಪಂಕ್ ಸಂಗೀತದೊಡನೆ ಜಮೈಕಾದ ರೆಗ್ಗೆ, ಅಮೆರಿಕದ ಜಾಸ್ ಮೊದಲಾದವೂ ಬೆರೆತವು. ಮೊದಲ ಹಾಡಿನ ಹೆಸರು ಬಿ.ಬಿ.ಸಿ.ಯ ಹಳೆಯ ಪ್ರಸಾರವಾಕ್ಯದಿಂದ ಬಂದದ್ದು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಅಮೆರಿಕದ ತ್ರೀ ಮೈಲ್ ಐಲೆಂಡ್ ಪರಮಾಣು ಸ್ಥಾವರದಲ್ಲಿ ನಡೆದ ಅವಘಡದ ಭೀತಿಯೂ, ಥೇಮ್ಸ್ ನದಿಯ ಪ್ರವಾಹದ ಆತಂಕವೂ ಅದರಲ್ಲಿ ಮಡುಗಟ್ಟಿವೆ.

ಇನ್ನು ಬೆಲೆಯ ಪ್ರಶ್ನೆ. ಎರಡು ತಟ್ಟೆಗಳನ್ನು ಒಂದರ ಬೆಲೆಗೆ ಮಾರಲು ಕಂಪೆನಿ ಒಪ್ಪಲಿಲ್ಲ. ಹಾಗಾದರೆ ಒಂದು ತಟ್ಟೆಯ ಜೊತೆಗೆ ಬಿಡಿ ಹಾಡಿನ ಮುದ್ರಿಕೆಯೊಂದನ್ನು ಉಚಿತವಾಗಿ ಕೊಡಿರೆಂದರು, ಒಪ್ಪಿತು. ಅದು 12 ಅಂಗುಲದ್ದಾಗಿರಲೆಂದರು; ಅದಕ್ಕೂ ತಲೆಯಾಡಿಸಿತು. ಕೊನೆಗೆ ನೋಡಿದರೆ ಆ ಕೊಸರಿನ ತಟ್ಟೆಯಲ್ಲಿ 9 ಹಾಡುಗಳು! 1979ರ ಡಿಸೆಂಬರ್ 14ರಂದು, ಒಟ್ಟು 19 ಹಾಡುಗಳ ಜೋಡಿ ತಟ್ಟೆ ಸುಮಾರು 5 ಪೌಂಡಿಗೆ ಅಂಗಡಿಗಳಿಗೆ ಬಂದಿತು. ಕೊನೆಯ ಗಳಿಗೆಯಲ್ಲಿ ಸೇರಿದ 'ಟ್ರೇನ್ ಇನ್ ವೇನ್' ಹಾಡಿನ ಹೆಸರು ಹೊದಿಕೆಯ ಮೇಲೆ ಅಚ್ಚಾಗಲೇ ಇಲ್ಲ.

ಹೊದಿಕೆಯ ಚಿತ್ರಕ್ಕೂ ಒಂದು ಕಥೆಯಿದೆ. ಆ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪಲೇಡಿಯಂ ರಂಗಮಂದಿರದ ಕಾವಲುಗಾರರು ಪ್ರೇಕ್ಷಕರನ್ನು ಎದ್ದು ನಿಲ್ಲಲು ಬಿಡಲಿಲ್ಲ. ಅದರಿಂದ ಕೆರಳಿದ ಸಿಮೊನಾನ್ ತನ್ನ ಗಿಟಾರನ್ನೇ ವೇದಿಕೆಗೆ ಅಪ್ಪಳಿಸಿ ಮುರಿದ. ಪೆನ್ನಿ ಸ್ಮಿತ್ ಆ ಕ್ಷಣವನ್ನು ಸೆರೆಹಿಡಿದರು. ಚಿತ್ರ ಮಸುಕಾಗಿದೆಯೆಂದು ಅವರೇ ಬೇಡವೆಂದರೂ ತಂಡ ಅದನ್ನೇ ಆರಿಸಿತು. ಎಲ್ವಿಸ್ ಪ್ರೆಸ್ಲಿಯ 1956ರ ಪ್ರಥಮ ಮುದ್ರಿಕೆಯನ್ನು ನೆನಪಿಸುವ ಗುಲಾಬಿ, ಹಸಿರು ಅಕ್ಷರಗಳು ಅದರೊಡನೆ ಸೇರಿದವು.

ಅಮೆರಿಕದಲ್ಲಿ ಈ ಮುದ್ರಿಕೆ ಬಿಡುಗಡೆಯಾದದ್ದು 1980ರ ಜನವರಿಯಲ್ಲಿ. 'ರೋಲಿಂಗ್ ಸ್ಟೋನ್' ಪತ್ರಿಕೆ 1989ರಲ್ಲಿ ಆ ದಶಕದ ಶ್ರೇಷ್ಠ ಮುದ್ರಿಕೆಯೆಂದು ಇದನ್ನೇ ಹೆಸರಿಸಿತು. ಗೈ ಸ್ಟೀವನ್ಸ್ 1981ರಲ್ಲಿಯೇ ತೀರಿಕೊಂಡಿದ್ದ. ಸ್ಟ್ರಮ್ಮರ್ 2002ರಲ್ಲಿ ಗತಿಸಿದ. 1980ರ ಡಿಸೆಂಬರಿನಲ್ಲಿ ತಂಡ 'ಸ್ಯಾಂಡಿನಿಸ್ಟಾ!' ಎಂಬ ಮೂರು ತಟ್ಟೆಗಳ ಕಟ್ಟನ್ನು ಅಗ್ಗದ ಬೆಲೆಗೆ ಹೊರತಂದಿತು. ಈ ಸಲ ಕಂಪೆನಿ ಅದರ ನಷ್ಟವನ್ನು ತಂಡದ ಗೌರವಧನದಲ್ಲಿಯೇ ಮುರಿದುಕೊಂಡಿತು. ಮಾರಿಹೋದರೆಂಬ ಅಪವಾದಕ್ಕೆ ಅವರು ಕೊಟ್ಟ ಉತ್ತರ ಅದು.