ನಿಮಗಿದು ಗೊತ್ತೇ? ನೇಣಿಗೆ ಎದುರಾದ ಮನೆಯವರು

ಬೆಂಗಳೂರಿನ ತರಗುಪೇಟೆಯ ಮಂಡಿಗಳ ಸಂದಣಿಯಿಂದ ಹೊರಬಿದ್ದು ಅವೆನ್ಯೂ ರೋಡು ಹಿಡಿದು ಮೈಸೂರು ಬ್ಯಾಂಕ್ ಸರ್ಕಲ್ ತಲುಪಿದರೆ ಫ್ರೀಡಂ ಪಾರ್ಕು ಅಲ್ಲೇ ಹತ್ತಿರ. 2008ರಲ್ಲಿ ಪಾರ್ಕಾಗುವ ಮುಂಚೆ ಅದು ಸೆಂಟ್ರಲ್ ಜೈಲಿನ ಜಾಗ. 1943ರ ಮಾರ್ಚ್ 8, 9 ಮತ್ತು 10ರಂದು ಶಿಕಾರಿಪುರ ತಾಲ್ಲೂಕಿನ ಈಸೂರಿನ ಐವರನ್ನು ಆ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಹಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. 1942ರ ಸೆಪ್ಟೆಂಬರ್ 28ರಂದು ಊರಿನ ಗುಂಪಿಗೂ ಪೊಲೀಸರಿಗೂ ಜಟಾಪಟಿಯಾಗಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರೂ ಸತ್ತಿದ್ದರು. ಅಷ್ಟು ದೊಡ್ಡ ಗುಂಪಿನಲ್ಲಿ ಯಾರ ಏಟು ಯಾರಿಗೆ ಬಿತ್ತೆಂದು ಹೇಳುವವರು ಯಾರು? ಐವರನ್ನೂ ಬ್ರಿಟಿಷರೇ ಗಲ್ಲಿಗೆ ಹಾಕಿದರೆಂದು ಭಾಷಣಗಳಲ್ಲಿ ಕೇಳುತ್ತೇವೆ. ಆದರೆ ಮೊಕದ್ದಮೆ ನಡೆಸಿದ್ದೂ ಶಿಕ್ಷೆ ಜಾರಿ ಮಾಡಿದ್ದೂ ಮೈಸೂರು ಸಂಸ್ಥಾನ, ನಮ್ಮದೇ ಮಹಾರಾಜರ ಸರ್ಕಾರ.

ಅದೇ ತಿಂಗಳ 29ರಂದು ಕಣ್ಣೂರು ಜೈಲಿನಲ್ಲಿ ಇನ್ನೂ ನಾಲ್ವರು ರೈತರನ್ನು ನೇಣಿಗೇರಿಸಿದರು. ಅವರು ಕಯ್ಯೂರಿನವರು. ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿಗೆ ಸೇರಿದ ಊರದು. ಐದನೆಯವನಿಗೂ ಗಲ್ಲೇ ಆಗಿತ್ತು, ವಯಸ್ಸು ಚಿಕ್ಕದೆಂದು ಉಳಿದುಕೊಂಡ. ಕೋರ್ಟಿನ ಪ್ರಕಾರ ಇವರು ಮಾಡಿದ್ದು ಕೊಲೆ. ಸತ್ತ ಪೊಲೀಸಿನವನು ಜನರಿಂದ ತಪ್ಪಿಸಿಕೊಳ್ಳಲು ಹೊಳೆಗೆ ಹಾರಿ ಮುಳುಗಿದ್ದ. ನೀಲೇಶ್ವರದಲ್ಲಿ ಓದಿದ ನಿರಂಜನರು 1955ರಲ್ಲಿ ಈ ಘಟನೆಯನ್ನೇ ‘ಚಿರಸ್ಮರಣೆ’ ಕಾದಂಬರಿ ಮಾಡಿದರು.

ಕೊಲೆಯಾದವಳು ಹೋಟೆಲಿಗೆ ಊಟಕ್ಕೆ ಬಂದಳೆಂದರೆ ನಂಬುತ್ತೀರಾ? 2025ರ ಏಪ್ರಿಲ್ 1ರಂದು ಮಡಿಕೇರಿಯಲ್ಲಿ ನಡೆದದ್ದು ಅದೇ. ಹೆಂಡತಿ ಕಾಣೆಯಾಗಿದ್ದಾಳೆಂದು ದೂರು ಕೊಟ್ಟಿದ್ದ ಕುಶಾಲನಗರದ ಕಡೆಯ ಆದಿವಾಸಿಯೊಬ್ಬನನ್ನು, ಬೆಟ್ಟದಪುರದ ಬಳಿ ಸಿಕ್ಕಿದ ಯಾವುದೋ ಅಸ್ಥಿಪಂಜರ ಅವಳದೇ ಎಂದು ತೀರ್ಮಾನಿಸಿ ಜೈಲಿಗೆ ಹಾಕಿದ್ದರು. ಡಿಎನ್‌ಎ ತಾಳೆಯಾಗಲಿಲ್ಲ, ಆದರೂ ಕೇಸು ನಡೆದೇ ಇತ್ತು. ಕೊನೆಗೆ ಅವಳನ್ನು ಕಂಡು ಗುರುತು ಹಿಡಿದವರು ಪೊಲೀಸರೂ ಅಲ್ಲ, ವಕೀಲರೂ ಅಲ್ಲ, ಅವನ ಗೆಳೆಯರು. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಗೌರವದಿಂದ ಬಿಡುಗಡೆ ಮಾಡಿ ಗೃಹ ಇಲಾಖೆ 1 ಲಕ್ಷ ರೂಪಾಯಿ ಕೊಡಬೇಕೆಂದಿತು. ಒಂದೂವರೆ ವರ್ಷದ ಸೆರೆವಾಸಕ್ಕೆ ಒಂದು ಲಕ್ಷ. ಹಾಗಾದರೆ ಆ ಅಸ್ಥಿಪಂಜರ ಯಾರದು?

ಬೆಂಗಳೂರಿನ ಡಾಕ್ಟರ್ ಮೊಹಮ್ಮದ್ ಹನೀಫ್ 2007ರ ಜುಲೈ 2ರಂದು ಬ್ರಿಸ್ಬೇನ್ ವಿಮಾನ ನಿಲ್ದಾಣದಲ್ಲಿ ಬಂಧನಕ್ಕೊಳಗಾದಾಗ ಅವರ ಕೈಯಲ್ಲಿದ್ದದ್ದು ಬೆಂಗಳೂರಿಗೆ ಟಿಕೆಟು, ಮನಸ್ಸಿನಲ್ಲಿದ್ದದ್ದು ಆಗಷ್ಟೇ ಹುಟ್ಟಿದ ಮಗಳು. ಅವರು ಬ್ರಿಟನ್ ಬಿಡುವಾಗ ಕೊಟ್ಟುಬಂದಿದ್ದ ಸಿಮ್ ಕಾರ್ಡು ಗ್ಲಾಸ್ಗೋ ವಿಮಾನ ನಿಲ್ದಾಣದ ಭಯೋತ್ಪಾದಕ ದಾಳಿಯ ಜೀಪಿನಲ್ಲಿ ಸಿಕ್ಕಿತೆಂದು ಪ್ರಾಸಿಕ್ಯೂಷನ್ ಕೋರ್ಟಿಗೆ ಹೇಳಿತು. ನಿಜವಾಗಿ ಅದು ನೂರಾರು ಕಿಲೋಮೀಟರ್ ದೂರದ ಲಿವರ್‌ಪೂಲಿನಲ್ಲಿತ್ತು. ಇಲ್ಲಿ ಹೆಂಡತಿ ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡೇ ಟಿವಿಯವರಿಗೆ ಉತ್ತರ ಕೊಡಬೇಕಾಯಿತು, ಅಲ್ಲಿ ವಕೀಲ ಸ್ಟೀಫನ್ ಕೀಮ್ ಪೊಲೀಸ್ ವಿಚಾರಣೆಯ ದಾಖಲೆಯನ್ನೇ ಪತ್ರಿಕೆಗೆ ಕೊಟ್ಟುಬಿಟ್ಟರು. ಜುಲೈ 27ಕ್ಕೆ ಆರೋಪ ಬಿದ್ದುಹೋಯಿತು. 2010ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಪರಿಹಾರವನ್ನೂ ಕೊಟ್ಟಿತು. ಇದು ಮರಣದಂಡನೆಯ ಕೇಸಲ್ಲ, ನಿಜ. ಆ ದೇಶ ಗಲ್ಲನ್ನು ಎಂದೋ ಕೈಬಿಟ್ಟಿದೆ. ಹಾಗೆ ಬಿಡದ ದೇಶವೊಂದರಲ್ಲಿ ಇದೇ ಸಿಮ್ ಕಾರ್ಡಿನ ಕತೆ ಏನಾಗುತ್ತಿತ್ತೆಂದು ಯೋಚಿಸಿ.

ಯೋಚಿಸಬೇಕಾಗಿಯೂ ಇಲ್ಲ. ಕುಂದಾಪುರ ಕಡೆಯ ಎಸಿ ಮೆಕ್ಯಾನಿಕ್ ಒಬ್ಬರು ಸೌದಿ ಅರೇಬಿಯಾದ ರಾಜಮನೆತನದ ಬಗ್ಗೆಯೂ ಮೆಕ್ಕಾದ ಬಗ್ಗೆಯೂ ಅವಹೇಳನ ಬರೆದರೆಂದು 2019ರ ಡಿಸೆಂಬರಿನಲ್ಲಿ ಅಲ್ಲಿ ಜೈಲು ಸೇರಿದರು. ಬರೆದದ್ದು ಅವರ ಹೆಸರಿನ ನಕಲಿ ಫೇಸ್‌ಬುಕ್ ಖಾತೆಯಿಂದ. ಹೆಂಡತಿ ಉಡುಪಿ ಪೊಲೀಸರಿಗೆ ದೂರು ಕೊಟ್ಟರು, ತನಿಖೆಯ ಜಾಡು ಮೂಡುಬಿದಿರೆಯ ಅಣ್ಣತಮ್ಮಂದಿರಿಬ್ಬರ ಮನೆಗೆ ಹೋಯಿತು. ಆ ಕಾಗದಗಳು ಅರಬ್ಬಿಗೆ ಅನುವಾದಗೊಂಡು ವಿದೇಶಾಂಗ ಇಲಾಖೆಯ ಮೂಲಕ ಸೌದಿಗೆ ತಲುಪಿದವು. 2021ರ ಆಗಸ್ಟಿನಲ್ಲಿ ಆತ ಬೆಂಗಳೂರಿಗೆ ಬಂದಿಳಿದರು. ಉಡುಪಿಯ ಪೊಲೀಸ್ ಠಾಣೆಯಿಂದ ರಿಯಾದಿನ ಕಚೇರಿಗಳವರೆಗೆ ಒಂದು ಕಡತವನ್ನು ತಳ್ಳಲು ಇಪ್ಪತ್ತು ತಿಂಗಳು ಹಿಡಿಯಿತು.

ಯೆಮನಿನಲ್ಲಿ ಕೊಲೆ ಕೇಸಿನಲ್ಲಿ ಮರಣದಂಡನೆಗೆ ಗುರಿಯಾದ ಕೇರಳದ ನರ್ಸಿನ ತಾಯಿ 2024ರ ಏಪ್ರಿಲಿನಲ್ಲಿ ಸನಾಕ್ಕೆ ಹೋಗಿ ಮಗಳನ್ನು ಜೈಲಿನಲ್ಲಿ ಕಂಡರು. ನೋಡಿ ಹನ್ನೊಂದು ವರ್ಷವಾಗಿತ್ತು. ಅಲ್ಲಿನ ಕಾನೂನಿನಂತೆ ಕ್ಷಮಿಸುವ ಹಕ್ಕು ಸತ್ತವನ ಮನೆಯವರಿಗಿದೆ, ಅದಕ್ಕೇ ತಾಯಿ ಬೇಡಿಕೊಳ್ಳಬೇಕಾದ್ದು ಇನ್ನೊಂದು ಮನೆಯವರನ್ನು. 2025ರ ಜುಲೈ 16ಕ್ಕೆ ಗೊತ್ತಾಗಿದ್ದ ಮರಣದಂಡನೆ ಹಿಂದಿನ ದಿನ ಮುಂದೂಡಿಕೆಯಾಯಿತು.

ಲೋಕದಲ್ಲೇ ಅತಿ ಹೆಚ್ಚು ಕಾಲ ಗಲ್ಲಿನ ನೆರಳಲ್ಲಿದ್ದವನು ಒಬ್ಬ ಬಾಕ್ಸರ್. ಜಪಾನಿನ ಇವಾವೋ ಹಕಮಾಡ. 1966ರಲ್ಲಿ ತಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಅಧಿಕಾರಿಯ ಕುಟುಂಬವನ್ನು ಕೊಂದನೆಂದು ಸೆರೆ, 1968ರಲ್ಲಿ ಮರಣದಂಡನೆ. ಮುಖ್ಯ ಸಾಕ್ಷ್ಯ, ಸೋಯಾ ಅವರೆಯನ್ನು ಹುದುಗಿಸುವ ತೊಟ್ಟಿಯಲ್ಲಿ ಒಂದು ವರ್ಷದ ಮೇಲೆ ಸಿಕ್ಕಿದ ರಕ್ತದ ಬಟ್ಟೆಗಳು. ಅಷ್ಟು ಕಾಲ ಹುದುಗಿನಲ್ಲಿ ನೆನೆದ ರಕ್ತ ಕೆಂಪಾಗಿಯೇ ಉಳಿದೀತೇ ಎಂದು ಪರೀಕ್ಷೆ ಮಾಡಿ ತೋರಿಸಲು ದಶಕಗಳೇ ಬೇಕಾದವು. ಈ ನಡುವೆ ಅಕ್ಕ ಹಿದೆಕೋ ಪಟ್ಟು ಬಿಡಲಿಲ್ಲ. ಏಕಾಂತ ಸೆರೆಯಲ್ಲಿ ತಮ್ಮನ ಬುದ್ಧಿ ಕದಡಿ, ನೋಡಲು ಹೋದ ಅವಳ ಗುರುತೇ ಸಿಗದ ಕಾಲವೂ ಬಂತು. ಆದರೂ ಹೋಗುವುದನ್ನು ನಿಲ್ಲಿಸಲಿಲ್ಲ. 2014ರಲ್ಲಿ ಬಿಡುಗಡೆ, 2024ರ ಸೆಪ್ಟೆಂಬರ್ 26ರಂದು ನಿರಪರಾಧಿ ಎಂಬ ತೀರ್ಪು. ಕೋರ್ಟಿನಲ್ಲಿ ಅದನ್ನು ಕೇಳಿಸಿಕೊಂಡ ಅಕ್ಕನಿಗೆ 91 ವರ್ಷ. ಮರುವರ್ಷ ಸಿಕ್ಕ ಪರಿಹಾರ 21 ಕೋಟಿ 70 ಲಕ್ಷ ಯೆನ್‌ಗೂ ಮೇಲೆ, ಸೆರೆಯಲ್ಲಿ ಕಳೆದ ಒಂದೊಂದು ದಿನಕ್ಕೂ 12,500 ಯೆನ್ ಲೆಕ್ಕ.

ಲಂಡನ್ನಿನಲ್ಲೂ ಒಬ್ಬ ಅಕ್ಕ. ಪೊಲೀಸರ ವಶದಲ್ಲಿದ್ದಾಗಲೇ ಜೊತೆಗಾರ ಹಾರಿಸಿದ ಗುಂಡಿಗೆ ಹೊಣೆಯಾಗಿ 19 ವರ್ಷದ ಡೆರೆಕ್ ಬೆಂಟ್ಲಿ 1953ರ ಜನವರಿ 28ರಂದು ನೇಣು ಕಂಡ. ಗುಂಡು ಹಾರಿಸಿದವನಿಗೆ 16 ವರ್ಷ, ಅದಕ್ಕೇ ಬದುಕಿದ. ಅಪ್ಪ ಅಮ್ಮನ ನಂತರವೂ ಐರಿಸ್ ಬೆಂಟ್ಲಿ ಹೋರಾಡಿ 1997ರಲ್ಲಿ ತೀರಿಕೊಂಡಳು. ತಮ್ಮನ ಶಿಕ್ಷೆ ರದ್ದಾದದ್ದು 1998ರ ಜುಲೈ 30ರಂದು.

ಅಮೆರಿಕದ ಓಹಿಯೋದ ಡಾಕ್ಟರ್ ಸ್ಯಾಮ್ ಶೆಪರ್ಡ್ ಹೆಂಡತಿಯನ್ನು ಕೊಂದನೆಂದು 1954ರ ಡಿಸೆಂಬರಿನಲ್ಲಿ ಶಿಕ್ಷೆಯಾದಾಗ ಮಗ ಏಳು ವರ್ಷದವನು. ತಿಂಗಳೊಳಗೆ ಅಜ್ಜಿ ಗುಂಡು ಹಾರಿಸಿಕೊಂಡಳು, ಹನ್ನೊಂದು ದಿನಕ್ಕೆ ಅಜ್ಜನೂ ಹೋದ. ಪತ್ರಿಕೆಗಳ ಗದ್ದಲದಲ್ಲಿ ನ್ಯಾಯವಾದ ವಿಚಾರಣೆ ನಡೆಯಲಿಲ್ಲವೆಂದು ಸುಪ್ರೀಂ ಕೋರ್ಟು 1966ರಲ್ಲಿ ಹೇಳಿತು, ಮರುವಿಚಾರಣೆಯಲ್ಲಿ ಖುಲಾಸೆ, 1970ರಲ್ಲಿ ಸಾವು. ತಾಯಿಯನ್ನು ಕೊಲೆಗಾರನಿಗೂ ತಂದೆಯನ್ನು ಜೈಲಿಗೂ ಕಳೆದುಕೊಂಡ ಮಗ ದೊಡ್ಡವನಾಗಿ ಮರಣದಂಡನೆಯ ವಿರುದ್ಧವೇ ಪ್ರಚಾರಕ್ಕಿಳಿದ. ಕೊಲೆಯಾದವರ ಮನೆಯವರು ಗಲ್ಲನ್ನೇ ಬಯಸುತ್ತಾರೆ ಎಂದು ಯಾರಾದರೂ ಅಂದರೆ ಈ ಮಗನನ್ನು ನೆನಪಿಸಿ. ತಂದೆ ನಿರಪರಾಧಿ ಎಂದು ಘೋಷಿಸಿ ಎಂಬ ಅವನ ಕೋರಿಕೆಯನ್ನು ಮಾತ್ರ 2000ದಲ್ಲಿ ಜ್ಯೂರಿ ಒಪ್ಪಲಿಲ್ಲ.

ಅದೇ ಅಮೆರಿಕದಲ್ಲಿ 1973ರಿಂದ ಈಚೆಗೆ ಮರಣದಂಡನೆಯಾಗಿ, ಆಮೇಲೆ ತಪ್ಪಿತಸ್ಥರಲ್ಲವೆಂದು ಹೊರಬಂದವರ ಸಂಖ್ಯೆ 2024ರಲ್ಲಿ 200 ಮುಟ್ಟಿತು.

ನಮ್ಮಲ್ಲಿ? ಮಹಾರಾಷ್ಟ್ರದ ಆರು ಮಂದಿ ಅಲೆಮಾರಿಗಳ ಕೇಸು ನೋಡಿ. ಹೈಕೋರ್ಟು ಮೂವರಿಗೆ ಗಲ್ಲು ಉಳಿಸಿ ಮೂವರಿಗೆ ಜೀವಾವಧಿಗೆ ಇಳಿಸಿತ್ತು. 2009ರಲ್ಲಿ ಸುಪ್ರೀಂ ಕೋರ್ಟು ಆರೂ ಜನರಿಗೆ ಗಲ್ಲೆಂದಿತು. 2019ರ ಮಾರ್ಚ್ 5ರಂದು ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ಬಿಡುಗಡೆ ಮಾಡಿ, ತಲಾ 5 ಲಕ್ಷ ಪರಿಹಾರ ಕೊಡಿಸಿತು. ಕಣ್ಣಾರೆ ಕಂಡ ಸಾಕ್ಷಿ ಪೊಲೀಸರ ಫೋಟೋಗಳಲ್ಲಿ ಬೇರೆಯೇ ನಾಲ್ವರನ್ನು ಗುರುತಿಸಿದ್ದಳು, ಅವರನ್ನು ಯಾರೂ ವಿಚಾರಿಸಿರಲಿಲ್ಲ. ತರಗುಪೇಟೆಯ ಮಂಡಿಯಲ್ಲಿ ತೂಕದ ಮೇಲೆ ಅನುಮಾನ ಬಂದರೆ ಮೂಟೆಯನ್ನು ಮತ್ತೆ ತಕ್ಕಡಿಗೆ ಹಾಕಬಹುದು, ಮೂಟೆ ಅಲ್ಲೇ ಇರಬೇಕಷ್ಟೆ. ಈ ಆರು ಮಂದಿ ಹತ್ತು ವರ್ಷ ಹಾಗೇ ‘ಇದ್ದದ್ದು’ ಅವರ ಪುಣ್ಯ.

ರಾಜಸ್ಥಾನದ ರಾವ್‌ಜಿಗೆ ಆ ಪುಣ್ಯವಿರಲಿಲ್ಲ. ಅವನನ್ನು ಗಲ್ಲಿಗೇರಿಸಿದ್ದು 1996ರಲ್ಲಿ. ಆ ತೀರ್ಪು ಕಾನೂನಿನ ಪ್ರಕಾರ ತಪ್ಪೆಂದು ಸುಪ್ರೀಂ ಕೋರ್ಟೇ ಹೇಳಿದ್ದು 2009ರಲ್ಲಿ. ಇಂಥ ದೋಷವಿರುವ ತೀರ್ಪುಗಳಿಂದ ಇನ್ನೂ 13 ಮಂದಿ ಗಲ್ಲಿನ ದಾರಿಯಲ್ಲಿದ್ದಾರೆಂದು 2012ರಲ್ಲಿ 14 ಮಂದಿ ನಿವೃತ್ತ ನ್ಯಾಯಮೂರ್ತಿಗಳು ರಾಷ್ಟ್ರಪತಿಗೆ ಬರೆದರು. ಸಹಿ ಹಾಕಿದವರಲ್ಲಿ ಒಬ್ಬರು ಸುರತ್ಕಲ್ ಬಳಿಯ ಹೊಸಬೆಟ್ಟಿನಲ್ಲಿ ಹುಟ್ಟಿ ಬಾಂಬೆ ಹೈಕೋರ್ಟಿನಲ್ಲಿ ಕೂತ ಎಚ್. ಸುರೇಶ್.

ಅಪೀಲು ಹೋಗುವುದೂ ಅಪಾಯವೇ. ಪಾಲಾರ್ ಸ್ಫೋಟದ ಕೇಸಿನಲ್ಲಿ ವೀರಪ್ಪನ್ ಸಹಚರರೆಂದು ನಾಲ್ವರಿಗೆ ಮೈಸೂರಿನ ಟಾಡಾ ಕೋರ್ಟು 2001ರಲ್ಲಿ ಕೊಟ್ಟದ್ದು ಜೀವಾವಧಿ. ಶಿಕ್ಷೆ ತಪ್ಪಿಸಿ ಎಂದು ದೆಹಲಿಗೆ ಹೋದರು, 2004ರಲ್ಲಿ ಗಲ್ಲಾಯಿತು. 2013ರಲ್ಲಿ ಕ್ಷಮಾದಾನದ ಅರ್ಜಿಯೂ ಬಿದ್ದುಹೋಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಹಗ್ಗಕ್ಕೆ ತಯಾರಿ ನಡೆದಿತ್ತು. 2014ರ ಜನವರಿ 21ರಂದು ಸುಪ್ರೀಂ ಕೋರ್ಟು ಅರ್ಜಿ ವಿಲೇವಾರಿಯ ವಿಳಂಬವನ್ನೇ ಕಾರಣವಾಗಿಟ್ಟು ಮತ್ತೆ ಜೀವಾವಧಿ ಮಾಡಿತು.

ಹಿಂಡಲಗಾದಲ್ಲಿ ಕೊನೆಯ ಗಲ್ಲು 1983ರಲ್ಲಿ. ಆಮೇಲೆ ಅಲ್ಲಿ ಯಾರನ್ನೂ ನೇಣಿಗೇರಿಸಿಲ್ಲ.

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋಗುವವರಿಗೆಲ್ಲ ಜೋಲಾರಪೇಟೆ ಗೊತ್ತು. ಅರ್ಪುತಮ್ಮಾಳ್ ಆ ಊರಿನವರು. 1991ರಲ್ಲಿ 19ರ ಮಗ ಪೇರರಿವಾಳನ್ ರಾಜೀವ್ ಗಾಂಧಿ ಹತ್ಯೆಯ ಕೇಸಿನಲ್ಲಿ ಬಂಧನಕ್ಕೊಳಗಾದ ಮೇಲೆ 31 ವರ್ಷ ಜೈಲು, ಕೋರ್ಟು, ಮುಖ್ಯಮಂತ್ರಿಗಳ ಬಾಗಿಲು ಸುತ್ತಿದರು. ಬಾಂಬಿಗೆ ಬಳಕೆಯಾಯಿತೆನ್ನಲಾದ, ತಾನು ತಂದುಕೊಟ್ಟ ಬ್ಯಾಟರಿ ಯಾಕೆಂದು ತನಗೆ ಗೊತ್ತಿರಲಿಲ್ಲ ಎಂಬ ಅವನ ಮಾತನ್ನು ಹೇಳಿಕೆಯಿಂದ ಕೈಬಿಟ್ಟಿದ್ದೆನೆಂದು ಸಿಬಿಐ ಅಧಿಕಾರಿಯೇ 2013ರಲ್ಲಿ ಒಪ್ಪಿಕೊಂಡರು. 2022ರ ಮೇ 18ರಂದು ಬಿಡುಗಡೆಯಾಯಿತು. ನಿರಪರಾಧಿ ಎಂದು ಕೋರ್ಟು ಹೇಳಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು.

‘ಸಾಕ್ಷಾತ್ಕಾರ’ದಲ್ಲಿ ರಾಜಕುಮಾರ್ ಅವರ ತಂದೆಯಾಗಿ ನಟಿಸಿದ ಪೃಥ್ವಿರಾಜ್ ಕಪೂರ್, 1958ರಲ್ಲಿ ರಾಜ್ಯಸಭೆಯಲ್ಲಿ ಮರಣದಂಡನೆ ರದ್ದಾಗಲಿ ಎಂಬ ನಿರ್ಣಯ ಮಂಡಿಸಿದ್ದರು. ಚರ್ಚೆಯಾದ ಮೇಲೆ ಹಿಂದಕ್ಕೆ ಪಡೆದರು. ಅದಕ್ಕೂ ಮುಂಚೆ, 1949ರಲ್ಲಿ, ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅವರೂ ಗಲ್ಲು ಹೋಗುವುದೇ ಮೇಲೆಂಬ ಒಲವು ತೋರಿಸಿದ್ದರು. ತಿರುವಾಂಕೂರು ಸಂಸ್ಥಾನ 1944ರಲ್ಲೇ ಅದನ್ನು ರದ್ದು ಮಾಡಿತ್ತು, ಈಸೂರಿನವರು ಹೋದ ಮರುವರ್ಷ. ಭೂತಾನ್ 2004ರಲ್ಲಿ ಬಿಟ್ಟಿತು. ಶ್ರೀಲಂಕಾದಲ್ಲಿ ಕಾನೂನಿದೆ, 1976ರಿಂದ ಗಲ್ಲಿಲ್ಲ.

ಗಲ್ಲು ನಿಲ್ಲಲಿ ಎಂದು ವಿಶ್ವಸಂಸ್ಥೆಯ ಮಹಾಸಭೆ 2007ರಲ್ಲಿ ಮೊದಲ ಸಲ ಮತ ಹಾಕಿದಾಗ ಪರ 104, ವಿರುದ್ಧ 54. ಭಾರತ ಆ 54ರಲ್ಲಿತ್ತು. ಸೊಲ್ಲಾಪುರದ ನ್ಯಾಯಮೂರ್ತಿ ಎ. ಪಿ. ಶಾ ಅಧ್ಯಕ್ಷತೆಯ ಕಾನೂನು ಆಯೋಗ, ಭಯೋತ್ಪಾದನೆ ಮತ್ತು ಯುದ್ಧ ಹೂಡುವಂಥ ಅಪರಾಧಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಗಲ್ಲು ಬೇಡವೆಂದು 2015ರಲ್ಲಿ ಶಿಫಾರಸು ಮಾಡಿತು. ಸರ್ಕಾರ ಒಪ್ಪಿಲ್ಲ.

ಇನ್ನೊಂದು ಶಿಫಾರಸೂ ಕಡತದಲ್ಲಿದೆ. ತಪ್ಪು ಮೊಕದ್ದಮೆಗೆ ಸಿಕ್ಕಿ ಜೈಲು ಕಂಡವರಿಗೆ ಪರಿಹಾರವನ್ನು ಹಕ್ಕಾಗಿ ಕೊಡುವ ಕಾನೂನು ಬರಲಿ ಎಂದು ಆಯೋಗದ 277ನೇ ವರದಿ 2018ರಲ್ಲಿ ಹೇಳಿತು. ಜಪಾನಿನಂತೆ ದಿನಕ್ಕಿಷ್ಟೆಂಬ ಲೆಕ್ಕ ನಮ್ಮಲ್ಲಿಲ್ಲ. ಯಾವ ಕೋರ್ಟು ಎಷ್ಟು ಬರೆದರೆ ಅಷ್ಟು. ಕುಶಾಲನಗರದವನು 5 ಕೋಟಿ ಕೇಳಿ ಹೈಕೋರ್ಟಿಗೆ ಹೋದದ್ದು ಅದಕ್ಕೇ.