ಸ್ತ್ರೀಯರ ಬಂಧ್ಯತ್ವವೂ ನಮ್ಮ ಕರ್ತವ್ಯವೂ

ಮದುವೆಯಾಗಿ ಎರಡು ಮೂರು ವರ್ಷಗಳೊಳಗೆ ಮನೆಯಲ್ಲಿ ತೊಟ್ಟಿಲು ಕಟ್ಟದಿದ್ದರೆ ಅಪವಾದವು ಸೊಸೆಯ ತಲೆಯ ಮೇಲೆಯೇ ಬೀಳುವುದು ನಮ್ಮ ಸಮಾಜದಲ್ಲಿ ಇಂದಿಗೂ ಅಳಿಯದ ರೂಢಿಯಾಗಿದೆ. ಸೀಮಂತ, ನಾಮಕರಣಗಳ ಸಂದರ್ಭದಲ್ಲಿ ಆಕೆಯನ್ನು ಹಿಂದೆ ಸರಿಸುವವರು ವಿದ್ಯಾವಂತರ ಮನೆಗಳಲ್ಲಿಯೂ ಇಲ್ಲದಿಲ್ಲ. ಆದರೆ ಬಂಧ್ಯತ್ವವು ಯಾರ ಪಾಪದ ಫಲವೂ ಅಲ್ಲವೆಂದೂ, ಅದರ ಕಾರಣಗಳಲ್ಲಿ ಹಲವನ್ನು ಸಕಾಲದಲ್ಲಿ ಎಚ್ಚೆತ್ತರೆ ತಡೆಯಬಹುದೆಂದೂ ವೈದ್ಯಶಾಸ್ತ್ರವು ಸ್ಪಷ್ಟಪಡಿಸಿದೆ.

ಈ ಕಾರಣಗಳಲ್ಲಿ ನಮ್ಮ ದೇಶವು ವಿಶೇಷವಾಗಿ ಗಮನಿಸಬೇಕಾದುದು ಕ್ಷಯರೋಗ. ಕ್ಷಯವೆಂದರೆ ಕೆಮ್ಮು, ಕಫ, ರಕ್ತ ಎಂದಷ್ಟೇ ಜನರು ತಿಳಿದಿರುವರು. ಶ್ವಾಸಕೋಶದಲ್ಲಿ ಸೇರಿದ ಕ್ಷಯಾಣುವು ರಕ್ತದ ಮೂಲಕ ಅಂಡನಾಳಗಳಲ್ಲಿ ನೆಲೆಸಿ, ಸದ್ದಿಲ್ಲದೆ ಅವುಗಳನ್ನು ಕೆಡಿಸುವುದೆಂಬುದು ಅನೇಕರಿಗೆ ತಿಳಿಯದು. ಜನನಾಂಗಗಳ ಕ್ಷಯದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಅಂಡನಾಳಗಳು ಬಾಧಿತವಾಗಿರುತ್ತವೆ. ಜ್ವರವಿಲ್ಲ, ಕೆಮ್ಮಿಲ್ಲ, ಮಕ್ಕಳಾಗದಿರುವುದೊಂದೇ ಎಷ್ಟೋ ವೇಳೆ ರೋಗದ ಲಕ್ಷಣ. ಔಷಧವು ರೋಗಾಣುವನ್ನು ಕೊಲ್ಲಬಲ್ಲುದಾದರೂ, ಪೂರ್ಣವಾಗಿ ಕೆಟ್ಟುಹೋದ ನಾಳವನ್ನು ಮೊದಲಿನಂತೆ ಮಾಡಲಾರದು. ಆದುದರಿಂದ ಕಾಲಹರಣವೇ ಇಲ್ಲಿ ದೊಡ್ಡ ಶತ್ರು.

ಅಂಡನಾಳಗಳಿಗೆ ಹಾನಿಮಾಡುವ ಬೇರೆ ಸೋಂಕುಗಳೂ ಉಂಟು. ಗೊನೋರಿಯಾ, ಕ್ಲಮೀಡಿಯಾ ಎಂಬ ಗುಹ್ಯರೋಗಗಳು ಅನೇಕ ವೇಳೆ ಪತಿಯಿಂದಲೇ ನಿರಪರಾಧಿಯಾದ ಪತ್ನಿಗೆ ತಗಲುತ್ತವೆ. ಸ್ವೀಡನ್ ದೇಶದ ಲುಂಡ್ ಪಟ್ಟಣದ ವೈದ್ಯರು 1992ರಲ್ಲಿ ಪ್ರಕಟಿಸಿದ ವರದಿಯಂತೆ, ಇಂತಹ ಕಿಬ್ಬೊಟ್ಟೆಯ ಸೋಂಕು ಒಂದು ಸಲ ಬಂದವರಲ್ಲಿ ನೂರಕ್ಕೆ 8 ಮಂದಿಗೂ, ಎರಡು ಸಲ ಬಂದವರಲ್ಲಿ ಸುಮಾರು 20 ಮಂದಿಗೂ, ಮೂರು ಅಥವಾ ಹೆಚ್ಚು ಸಲ ಬಂದವರಲ್ಲಿ 40 ಮಂದಿಗೂ ನಾಳಗಳು ಕೆಟ್ಟು ಬಂಧ್ಯತ್ವವುಂಟಾಯಿತು. ಅಶುಚಿಯಾದ ಹೆರಿಗೆಯಿಂದಲೂ, ಅರಿಯದವರ ಕೈಯಲ್ಲಿ ಗುಟ್ಟಾಗಿ ನಡೆಯುವ ಗರ್ಭಪಾತದಿಂದಲೂ ಇದೇ ಅನರ್ಥವು ಸಂಭವಿಸುತ್ತದೆ. 1971ರ ಕಾಯಿದೆಯು ಗರ್ಭಪಾತಕ್ಕೆ ಸುರಕ್ಷಿತವಾದ ಮಾರ್ಗವನ್ನು ತೆರೆದಿದ್ದರೂ ಲಜ್ಜೆ ಭಯಗಳು ಇನ್ನೂ ಹಲವರನ್ನು ಕತ್ತಲೆಯ ದಾರಿಗೆ ನೂಕುತ್ತಿವೆ.

ನಾಳಗಳು ಸರಿಯಾಗಿದ್ದರೂ ಅಂಡಾಶಯದಿಂದ ಅಂಡವು ತಿಂಗಳು ತಿಂಗಳು ಹೊರಬೀಳದಿರಬಹುದು. ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳಂತೆ ಕಾಣುವ, 1935ರಲ್ಲಿ ಷಿಕಾಗೋ ನಗರದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ವರ್ಣಿಸಿದ ವಿಕಾರವು ಸುಮಾರು ಹತ್ತರಲ್ಲಿ ಒಬ್ಬ ಸ್ತ್ರೀಗೆ ಉಂಟು. ಥೈರಾಯ್ಡ್ ಗ್ರಂಥಿಯ ದೋಷ, ಅತಿಸ್ಥೂಲತೆ, ಅತಿಕೃಶತೆ, ಹೊಗೆಸೊಪ್ಪಿನ ಚಟ, ಇವೂ ವಿಘ್ನಕಾರಿಗಳೇ. ವಯಸ್ಸನ್ನಂತೂ ಯಾವ ಔಷಧವೂ ಹಿಂದಕ್ಕೆ ತರಲಾರದು. 35 ದಾಟಿದ ಮೇಲೆ ಗರ್ಭಧಾರಣಶಕ್ತಿಯು ವೇಗವಾಗಿ ಇಳಿಯುತ್ತದೆ.

ಇಷ್ಟೆಲ್ಲವನ್ನೂ ಸ್ತ್ರೀಯರ ವಿಷಯವಾಗಿ ಹೇಳಿದೆವು. ಆದರೆ ಮಕ್ಕಳಿಲ್ಲದ ದಂಪತಿಗಳಲ್ಲಿ ಹೆಚ್ಚುಕಡಮೆ ಅರ್ಧ ಪಾಲಿನವರಲ್ಲಿ ಪತಿಯ ಕಡೆಯ ದೋಷವೂ ಸೇರಿರುತ್ತದೆಂಬುದನ್ನು ಮರೆಯಲಾಗದು. ವೀರ್ಯಪರೀಕ್ಷೆಯು ಅತಿ ಸುಲಭವಾದುದು. ಅದಕ್ಕೆ ಒಪ್ಪದೆ ಪತ್ನಿಯೊಬ್ಬಳನ್ನೇ ವೈದ್ಯರಿಂದ ವೈದ್ಯರಿಗೆ ಅಲೆಸುವ ಪತಿಯು ತನ್ನ ಅಭಿಮಾನವನ್ನು ಆಕೆಯ ದೇಹದಂಡನೆಯಿಂದ ಕಾಪಾಡಿಕೊಳ್ಳುತ್ತಿರುವನೆಂದೇ ಹೇಳಬೇಕಾಗುತ್ತದೆ.

ಆದುದರಿಂದ ಒಂದು ವರ್ಷದ ದಾಂಪತ್ಯದ ಮೇಲೂ ಗರ್ಭ ನಿಲ್ಲದಿದ್ದರೆ, ಪತ್ನಿಗೆ 35 ಮೀರಿದ್ದರೆ ಆರು ತಿಂಗಳಿಗೇ, ಇಬ್ಬರೂ ಒಡನೆ ಪರೀಕ್ಷೆಗೆ ಹೋಗತಕ್ಕದ್ದು. ನಾಗಪ್ರತಿಷ್ಠೆಯನ್ನಾಗಲಿ ಹರಕೆಯನ್ನಾಗಲಿ ನಾವು ಬೇಡವೆನ್ನುವುದಿಲ್ಲ. ಅವುಗಳಿಗಾಗಿ ವೈದ್ಯರ ಬಳಿಗೆ ಹೋಗುವುದನ್ನು ವರ್ಷಗಟ್ಟಲೆ ಮುಂದೂಡುವುದು ಬೇಡ. ಕ್ಷಯದ ಔಷಧವು ಸರ್ಕಾರಿ ಆಸ್ಪತ್ರೆಗಳಲ್ಲಿ ಧರ್ಮಾರ್ಥವಾಗಿ ದೊರೆಯುತ್ತದೆ. ಆದರೆ ಗರ್ಭಕೋಶದ ಒಳಪೊರೆಯ ಪರೀಕ್ಷೆಯು ತಾಲ್ಲೂಕಿನ ಬಡ ಹೆಂಗಸಿಗೂ ಎಟುಕುವಂತೆ ಮಾಡುವುದು ಅಧಿಕಾರಿಗಳ ಹೊಣೆ. ನೊಂದವಳನ್ನು ಬಂಜೆಯೆಂದು ಹೀಯಾಳಿಸುವ ನಾಲಗೆಯನ್ನು ತಡೆಯುವುದು ಮಾತ್ರ ನಮ್ಮ ನಮ್ಮ ಮನೆಯ ಹೊಣೆ. ಅದಕ್ಕೆ ಯಾವ ಕಾಯಿದೆಗೂ ಕಾಯಬೇಕಾದುದಿಲ್ಲ.